ಚಿಕ್ಕಿಗೆ ಹಾಕಿದ ಕುರಿ ಲೆಕ್ಕ

ಕಂಬಳಿ ಕೊಡವಿದ ಕೂಡಲೇ ಆ ವಾಸನೆ ಬಂತು. ಉಣ್ಣೆಯ ವಾಸನೆ ಅಲ್ಲ. ಕುರಿ ಕಾಯ್ದುಕೊಂಡೇ ಬದುಕಿದವರು ನಾವು, ಉಣ್ಣೆಯ ವಾಸನೆ ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ. ಇದು ಬೇರೆ. ಮೆಕ್ಕೆಜೋಳದ ದೂಳು, ಆಸ್ಪತ್ರೆಯ ಔಷಧಿ, ಅದರ ಕೆಳಗೆಲ್ಲೋ ಹಾಲು ಕುಡಿದ ಕುನ್ನಿಯ ಬಾಯಿಯ ಹುಳಿ ವಾಸನೆ. ಅಟ್ಟಕ್ಕೆ ಏರಿಸುವ ಮೊದಲೇ ಒಗೆದಿದ್ದೆ, ಬಿಸಿಲಿಗೆ ಹಾಕಿದ್ದೆ. ಆದರೂ ಹೋಗಿಲ್ಲ. ಅಟ್ಟದ ಏಣಿಯ ಹತ್ತಿರ ನಿಂತು ಇನ್ನೊಮ್ಮೆ ಮೂಸಿದೆ. ಮೊದಲು ನಗು ಬಂತು, ಅದರ ಹಿಂದೆಯೇ ಹೆದರಿಕೆ. ಮೂರು ವರ್ಷವಾದರೂ ಆ ಮಧ್ಯಾಹ್ನವನ್ನು ನೆನೆದರೆ ನನಗೆ ಹಾಗೇ ಆಗುತ್ತದೆ.

ಕಂಬಳಿ ಇಳಿಸಿದ್ದು ನನ್ನ ಮಗಳು ರೇಣುಕಾಗೆ. ಬಾಣಂತನಕ್ಕೆ ಬರುವವಳಿದ್ದಾಳೆ. ಮೊದಲನೆಯದು ಹುಟ್ಟಿ ಹತ್ತು ವರ್ಷವಾದ ಮೇಲೆ ಎರಡನೆಯದು ನಿಂತಿದೆ! ಸುದ್ದಿ ಕೇಳಿದಾಗಿನಿಂದ ನನ್ನ ಬಾಯಿ ನಿಲ್ಲುತ್ತಿಲ್ಲ. ಹಾಲಿನ ಡೈರಿಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಕೊಟ್ಟೂರಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿ ಅವಳ ಕೈಯಲ್ಲಿ ಒಂದು ಹಿಡಿ ಶೇಂಗಾ ಇಟ್ಟೆ. ಸಂತೋಷಕ್ಕೇನು ಕಡಿಮೆ ಇಲ್ಲ ನನಗೆ. ಆದರೆ ಈ ಕಂಬಳಿಯ ವಾಸನೆ ಹಿಡಿದುಕೊಂಡು ನಿಂತಾಗ ನನಗೆ ನೆನಪಾದದ್ದು ಮಗಳ ಮೊದಲ ಹೆರಿಗೆಯಲ್ಲ. ಚಿಕ್ಕಿಯದು.

ಚಿಕ್ಕಿ ನಮ್ಮ ನಾಯಿ. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು ಅಂತ ಮೊಮ್ಮಗಳು ಸಿಂಚನಾ ಇಟ್ಟ ಹೆಸರು.

ಆ ವರ್ಷ ಸಿಂಚನಾ ನಮ್ಮ ಹತ್ತಿರ ಇದ್ದಳು. ರೇಣುಕಾಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಹೊಸದಾಗಿ ಸಿಕ್ಕಿತ್ತು, ಕೂಡ್ಲಿಗಿಯಲ್ಲಿ ಡ್ಯೂಟಿ. ಅಳಿಯನೂ ಬಸ್ಸಿನ ಡ್ರೈವರ್. ಒಬ್ಬರು ಮನೆಗೆ ಬರುವ ಹೊತ್ತಿಗೆ ಇನ್ನೊಬ್ಬರು ಹೊರಡುವುದು. ಏಳು ವರ್ಷದ ಹುಡುಗಿಯನ್ನು ನೋಡಿಕೊಳ್ಳುವವರು ಯಾರು? "ಒಂದು ವರ್ಷ ಇಟ್ಕೊಳ್ಳವ್ವಾ" ಅಂದಳು ಮಗಳು. ಒಂದು ವರ್ಷ ಏಕೆ, ಹತ್ತು ವರ್ಷ ಇಟ್ಟುಕೋ ಅಂದಿದ್ದರೂ ನಾನು ತಯಾರು. ಚಿಗಟೇರಿಯ ಆಚೆ ನಮ್ಮೂರು. ಊರ ಶಾಲೆಗೇ ಹಚ್ಚಿದೆವು.

ಮುಂಗಾರಿನ ಮಿರಗದ ಮಳೆ ಶುರುವಾದ ದಿನಗಳು. ಒಂದು ಸಂಜೆ ಸಿಂಚನಾ ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡಿರಲಿಲ್ಲ, ಎದೆಗೆ ಅವಚಿಕೊಂಡಿದ್ದಳು.

"ಅಜ್ಜಿ, ಬೈಬ್ಯಾಡ ಮತ್ತ."

"ಏನ್ ಮಾಡ್ಕೊಂಡ್ ಬಂದಿ?"

"ಮೊದ್ಲು ಬೈಯಂಗಿಲ್ಲ ಅನ್ನು."

ಅಷ್ಟರಲ್ಲಿ ಬ್ಯಾಗೇ ಕುಂಯ್ ಅಂದಿತು. ಪುಸ್ತಕವೆಲ್ಲ ಒದ್ದೆ, ಅದರ ನಡುವೆ ಒಂದು ಕೆಂದು ಬಣ್ಣದ ಕುನ್ನಿ. ಶಾಲೆಯ ಹಿಂದಿನ ಗುಂಡಿಯಲ್ಲಿ ಯಾರೋ ಎಸೆದು ಹೋಗಿದ್ದರಂತೆ. ನಮ್ಮ ಯಜಮಾನರು ಎತ್ತಿ ತಿರುಗಿಸಿ ನೋಡಿದರು. "ಹೆಣ್ಣು ಐತಲ್ಲೇ ಇದು."

ಪಕ್ಕದ ಮನೆಯ ಹನುಮಕ್ಕ ಕಟ್ಟೆಯ ಮೇಲಿಂದಲೇ ಕೂಗಿದಳು. "ಹೆಣ್ಣು ಅಂತಾನ ಗುಂಡಿಗೆ ಎಸದಾರ ಬಸಕ್ಕ! ನೀವು ಎತ್ತಿ ಮುದ್ದು ಮಾಡಾಕತ್ತೀರಿ. ವರ್ಸಕ್ಕ ಎರಡೆರಡು ಬಾಣಂತನ ಮಾಡಾಕ ತಯಾರಾಗ್ರಿ ಇನ್ನ."

ಯಜಮಾನರಿಗೆ ಸಿಟ್ಟು ಬಂತು. ನಾವು ಮೈಲಾರಲಿಂಗನ ಒಕ್ಕಲು, ನಾಯಿ ಅಂದರೆ ಆ ದೇವರ ಸಂಗಾತಿ. ಭಾನುವಾರ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ನಾಯಿಗೆ ಹಾಕದೆ ಯಾರೂ ಕೈ ತೊಳೆಯುವುದಿಲ್ಲ. "ಬಾಗಿಲಿಗೆ ಬಂದ ಕುನ್ನೀನ ಹೊರಗ ಹಾಕಿದ್ರ ಮೈಲಾರಪ್ಪ ನಮ್ಮನ್ನ ಹೊರಗ ಹಾಕ್ತಾನ. ಇರ್ಲಿ ಬಿಡು" ಅಂದರು. ಹೀಗೆ ಚಿಕ್ಕಿ ಮನೆಯವಳಾದಳು.

ಮೊದಮೊದಲು ಮೊರದಲ್ಲಿ ಮಲಗುತ್ತಿತ್ತು. ಜೋಳ ಕೇರುವ ಮೊರ, ಅದರಲ್ಲಿ ಸುರುಳಿ ಸುತ್ತಿಕೊಂಡರೆ ಇನ್ನೂ ಜಾಗ ಉಳಿಯುತ್ತಿತ್ತು. ಶ್ರಾವಣದ ಹೊತ್ತಿಗೆ ಹಿಂಗಾಲು ಹೊರಗೆ ಬಂದವು, ಗಣಪತಿ ಹಬ್ಬದ ಹೊತ್ತಿಗೆ ತಲೆ ಮತ್ತು ಮುಂಗಾಲು ಮಾತ್ರ ಮೊರದೊಳಗೆ. ಆದರೂ ಅದಕ್ಕೆ ಮೊರವೇ ಬೇಕು. ಯಜಮಾನರ ಚಪ್ಪಲಿ ಕದಿಯುವುದು, ತನ್ನ ಬಾಲ ತಾನೇ ಹಿಡಿಯಲು ಹೋಗಿ ಬೀಳುವುದು, ಇದೇ ದಿನವೆಲ್ಲ. ಹೆದರುತ್ತಿದ್ದುದು ಒಬ್ಬಳಿಗೆ, ಗೌಡ್ತಿಗೆ. ಗೌಡ್ತಿ ಅಂದರೆ ನಮ್ಮ ಹಿಂಡಿನ ಹಿರಿಯ ಕುರಿ. ಯಾರಿಗೂ ದಾರಿ ಬಿಡದೆ ಗತ್ತಿನಿಂದ ನಡೆಯುತ್ತಾಳೆ ಅಂತ ಆ ಹೆಸರು. ಚಿಕ್ಕಿ ಬಂದ ಮೊದಲ ವಾರವೇ ಅವಳ ಕಾಲ ಸಂದಿ ನುಗ್ಗಿ ಒಂದು ಗುದ್ದು ತಿಂದಿತ್ತು. ಅಂದಿನಿಂದ ಗೌಡ್ತಿಯ ಗಂಟೆ ಕೇಳಿದರೆ ಸಾಕು, ಚಿಕ್ಕಿ ಒಳಗೆ ಓಡಿ ಮೊರಕ್ಕೆ ತಲೆ ಹಾಕುತ್ತಿತ್ತು. ತನ್ನ ಕಣ್ಣಿಗೆ ಕುರಿ ಕಾಣದಿದ್ದರೆ ಕುರಿಗೂ ತಾನು ಕಾಣುವುದಿಲ್ಲ ಅಂತ ಅದರ ಎಣಿಕೆ.

ಗಣಪತಿ ಕಳಿಸಿದ ಮೇಲೆ ಬೀದಿಯ ಗಂಡು ನಾಯಿಗಳು ನಮ್ಮ ಅಂಗಳ ಬಿಟ್ಟು ಹೋಗದಾದವು. ಹನುಮಕ್ಕ ಬಿಡುತ್ತಾಳೆಯೇ? "ಏನ್ ಬಸಕ್ಕ, ಬೀಗ್ರು ಬಂದಾರಲ್ಲ ಮನಿಗೆ! ಹೆಣ್ಣು ನೋಡಾಕ ಬಂದಿರಬೇಕು."

ನನಗೂ ಅನುಮಾನ ಬಂದು ಯಜಮಾನರಿಗೆ ಹೇಳಿದೆ. ಅವರು ಚಿಕ್ಕಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾಯಿ ಅಗಲಿಸಿ ನೋಡಿದರು. ಕುರಿಯ ವಯಸ್ಸು ನೋಡುವುದು ಹಲ್ಲಿನಲ್ಲಿ. ಮುಂದಿನ ಎರಡು ದೊಡ್ಡ ಹಲ್ಲು ಮೂಡುವವರೆಗೆ ಅದು ಮರಿ. ಅಲ್ಲಿಯವರೆಗೆ ಹೆಣ್ಣು ಮರಿಗೆ ಟಗರು ಸೇರಬಾರದು ಅಂತ ಟಗರಿನ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟುತ್ತೇವೆ. ಯಜಮಾನರು ಚಿಕ್ಕಿಯ ಬಾಯಿ ಮುಚ್ಚಿ ತೀರ್ಪು ಕೊಟ್ಟರು. "ಎಲ್ಲಾ ಸಣ್ಣ ಹಲ್ಲು. ಎರಡು ಹಲ್ಲು ಆಗಾಕ ಇನ್ನ ವರ್ಸ ಬೇಕು. ಏನೂ ಆಗಲ್ಲ, ಸುಮ್ನಿರು."

ಕುರಿಯ ವಿಷಯದಲ್ಲಿ ನಮ್ಮ ಯಜಮಾನರ ಮಾತು ಸುತ್ತಲಿನ ಊರುಗಳಲ್ಲಿ ನಡೆಯುತ್ತದೆ. ನಮ್ಮ ತಾಲೂಕಿನ ಅರಸೀಕೆರೆಯಿಂದಲೂ ಜನ ಬಂದು ಕೇಳುತ್ತಾರೆ. ನಾನು ಸುಮ್ಮನಾದೆ.

ದೀಪಾವಳಿಯಲ್ಲಿ ಚಿಕ್ಕಿ ದಪ್ಪಗಾಗಿತ್ತು. ಹಬ್ಬದ ಹೋಳಿಗೆ ತಿಂದು ಮೈ ಬಂದಿದೆ ಅಂದುಕೊಂಡೆ. ಹೊಟ್ಟೆಯಲ್ಲಿ ಜಂತು ಇರಬೇಕು ಅಂತಲೂ ಅಂದುಕೊಂಡೆ. ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಸಿಂಚನಾ ಅಂಗಳದಲ್ಲಿ ಅದರ ಹೊಟ್ಟೆಯ ಮೇಲೆ ತಲೆ ಇಟ್ಟು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ನಡುವೆ ನಿಲ್ಲಿಸಿದಳು.

"ಅಜ್ಜಾ, ಯಾರೋ ನನ್ನ ಕಿವಿಗೆ ಒದ್ರು."

"ಯಾರು ಒದೀತಾರ? ಮುಂದ ಹೇಳು ಮಗ್ಗಿ."

"ಚಿಕ್ಕಿ ಹೊಟ್ಟಿಯೊಳಗಿಂದ ಒದ್ರು ಅಜ್ಜಾ. ನೋಡು, ಮತ್ತ!"

ಯಜಮಾನರು ಬೀಡಿ ಬಿಸಾಕಿ ಬಂದು ಕೈ ಇಟ್ಟರು. ಹೊಟ್ಟೆ ಮುಟ್ಟಿ ಇಂಥದ್ದು ಅಂತ ಹೇಳಬಲ್ಲ ಕೈ ಅದು. ಇಟ್ಟ ಕೈ ಹಾಗೇ ಉಳಿಯಿತು.

"ಏನ್ರಿ?" ಅಂದೆ.

"ಗಬ್ಬ."

"ಯಾರು?"

"ಯಾರು ಅಂದ್ರ! ಇದು. ನಮ್ಮ ಚಿಕ್ಕಿ."

ನನ್ನ ಕೈಯಲ್ಲಿದ್ದ ರೊಟ್ಟಿ ಬಡಿಯುವ ಹಿಟ್ಟು ಕೈಯಲ್ಲೇ ಒಣಗಿತು. ಮೊರದಲ್ಲಿ ಮಲಗುವ ಕೂಸು! ನಿನ್ನೆ ತಾನೇ ನನ್ನ ಸೆರಗು ಕಚ್ಚಿ ಎಳೆದಾಡಿದ್ದು! ಅದರ ಹೊಟ್ಟೆಯಲ್ಲಿ ಇನ್ನೊಂದು ಜೀವ ಅಂದರೆ ಹೇಗೆ ನಂಬುವುದು? ಚಿಕ್ಕಿ ಮಾತ್ರ ಏನೂ ಅರಿಯದೆ ಯಜಮಾನರ ಬೀಡಿಯ ತುಂಡನ್ನು ಮೂಸಿ ಸೀನುತ್ತಿತ್ತು.

ಸಿಂಚನಾ ನನ್ನನ್ನೇ ನೋಡಿದಳು. "ಅಜ್ಜಿ, ಚಿಕ್ಕೀನೇ ಸಣ್ಣಾಕಿ. ಅಕಿ ಹೆಂಗ ಅವ್ವ ಆಕ್ಕಾಳ?"

ನನ್ನನ್ನು ಈ ಮನೆಗೆ ಕರೆದು ತಂದಾಗ ನನ್ನ ಬಗ್ಗೆ ಈ ಮಾತನ್ನು ಯಾರೂ ಕೇಳಿರಲಿಲ್ಲ. "ಹಾಲು ಕುಡಿ ನಡಿ" ಅಂದೆ.

ಯಜಮಾನರು ಸುಧಾರಿಸಿಕೊಂಡು ಬೆರಳ ಗೆಣ್ಣು ಎಣಿಸತೊಡಗಿದರು. ಗಣಪತಿ ಹಬ್ಬ, ಮಹಾನವಮಿ, ದೀಪಾವಳಿ... "ಹೆದರಬ್ಯಾಡ, ಇನ್ನ ಭಾಳ ದಿನ ಐತಿ. ಐದು ತಿಂಗಳಿಗೆ ಹಿಡಿದ್ರ ಸಂಕ್ರಾಂತಿ ದಾಟತೈತಿ. ಅಷ್ಟರಾಗ ಚೆಂದಾಗಿ ಮೇಯಿಸಿ ಗಟ್ಟಿ ಮಾಡೋಣ. ಕುರಿಗೆ ಸೂಜಿ ಹಾಕಾಕ ಡಾಕ್ಟ್ರು ಬರ್ತಾರಲ್ಲ, ಆವಾಗ ಇದನ್ನೂ ತೋರ್ಸಿದ್ರಾತು."

ಐದು ತಿಂಗಳು ಕುರಿಯ ಲೆಕ್ಕ. ನನಗೆ ಅದು ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಹಿಂಡಿನ ನಡುವೆ ಇದ್ದವರಿಗೆ ಹೊಟ್ಟೆ ಅಂದರೆ ಐದು ತಿಂಗಳೇ.

ಮುಂದಿನ ವಾರ ನಮ್ಮ ಮೆಕ್ಕೆಜೋಳ ಒಕ್ಕುವ ಸರದಿ ಬಂತು. ಕಣದಲ್ಲಿ ಟ್ರ್ಯಾಕ್ಟರಿಗೆ ಮೆಷಿನ್ ಹಚ್ಚಿದ್ದರು. ತೆನೆ ಸುರಿದಂತೆ ಕಾಳು ಒಂದು ಕಡೆ, ಬೆಂಡು ಒಂದು ಕಡೆ ಹಾರುತ್ತಿತ್ತು. ದೂಳಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಭಾನುವಾರ, ಸಿಂಚನಾಗೂ ರಜೆ, ಚಿಕ್ಕಿಯನ್ನು ಕರೆದುಕೊಂಡು ಬಂದಿದ್ದಳು. ಅದು ಬೆಳಿಗ್ಗೆಯ ರೊಟ್ಟಿ ಮುಟ್ಟಿರಲಿಲ್ಲ. ಒಣ ಸಿಪ್ಪೆಯ ರಾಶಿಯಲ್ಲಿ ಕೆರೆಯುವುದು, ಮಲಗುವುದು, ಎದ್ದು ಮತ್ತೆ ಕೆರೆಯುವುದು, ನಾಲಗೆ ಚಾಚಿ ತೇಕುವುದು.

"ಸೆಕಿ ಆಗೈತಿ ಅದಕ್ಕ. ನೀರು ಕುಡ್ಸು" ಅಂದರು ಯಜಮಾನರು.

ನೀರು ತಂದು ಬಗ್ಗಿದೆ. ಆಗ ಚಿಕ್ಕಿ ಕಿರುಚಿತು. ಮೆಷಿನ್ನಿನ ಸದ್ದನ್ನೂ ಸೀಳಿದ ಆ ಕೂಗಿಗೆ ಟ್ರ್ಯಾಕ್ಟರಿನವನು ತಾನಾಗಿ ಮೆಷಿನ್ ನಿಲ್ಲಿಸಿದ. ಬಾಲದ ಕೆಳಗೆ ಒಂದು ಸಣ್ಣ ಕಾಲು. ಒಂದೇ ಕಾಲು. ಹೊರಗೂ ಬಾರದು, ಒಳಗೂ ಹೋಗದು.

ಯಜಮಾನರು ಓಡಿ ಬಂದು ಮೊಣಕಾಲೂರಿದರು. ಅಡ್ಡ ನಿಂತ ಕುರಿಮರಿಗಳನ್ನು ಎಷ್ಟೋ ಸಲ ತಿರುಗಿಸಿ ಎಳೆದವರು. ಕೈ ಮುಂದೆ ಚಾಚಿದರು, ಆ ಪುಟ್ಟ ಮೈಯನ್ನು ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಕೈ ಹಿಂದೆ ತೆಗೆದರು. "ನನ್ನ ಕೈ ಹಿಡಿಸಲ್ಲ ಇದರಾಗ" ಅಂದರು.

ಕಾಳಿನ ಚೀಲ ಹೇರಲು ಲಗೇಜ್ ಆಟೋ ಬಂದು ನಿಂತಿತ್ತು. ಹೇರಿದ್ದ ಚೀಲಗಳನ್ನು ಹಾಗೇ ಕೆಳಗೆ ಉರುಳಿಸಿ, ಯಜಮಾನರ ಹೆಗಲ ಮೇಲಿದ್ದ ಈ ಕಂಬಳಿಯಲ್ಲಿ ಚಿಕ್ಕಿಯನ್ನು ಸುತ್ತಿಕೊಂಡು ಹತ್ತಿದೆವು. ಹರಪನಹಳ್ಳಿಯ ಪಶು ಆಸ್ಪತ್ರೆಗೆ ಫೋನು ಮಾಡಿ ಡಾಕ್ಟ್ರಮ್ಮನನ್ನು ಕರೆಸಿದ್ದು ಆಟೋದ ಹುಡುಗ. ದಾರಿಯುದ್ದಕ್ಕೂ ಸಿಂಚನಾ ಚಿಕ್ಕಿಯ ಕಿವಿಯಲ್ಲಿ ಮಗ್ಗಿ ಹೇಳುತ್ತಾ ಕೂತಳು.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಕಂಬಳಿ ಬಿಚ್ಚಿ ಚಿಕ್ಕಿಯನ್ನು ಮೇಜಿನ ಮೇಲೆ ಮಲಗಿಸಿದರು. "ಅಯ್ಯೋ! ಇದು ಇನ್ನೂ ಕುನ್ನಿ ಅಲ್ರೀ! ವಯಸ್ಸೆಷ್ಟು?"

"ಎಂಟು ತಿಂಗಳು ಆಗಿರಬೌದ್ರಿ" ಅಂದೆ.

ಯಜಮಾನರು ಮಧ್ಯೆ ಬಾಯಿ ಹಾಕಿದರು. "ದಿನ ತುಂಬಿಲ್ರಿ ಡಾಕ್ಟ್ರಮ್ಮ. ಐದು ತಿಂಗಳಿಗೆ ಇನ್ನ ಭಾಳ ಐತಿ. ಕಂದು ಹಾಕೈತೇನೋ ಅಂತ..."

"ಐದು ತಿಂಗಳಾ? ಯಾರು ಹೇಳಿದ್ರು ಅಜ್ಜ? ನಾಯಿಗೆ ಎರಡೇ ತಿಂಗಳು!"

"ಹಲ್ಲು ಸೈತ ಬಂದಿಲ್ಲಲ್ರೀ ಇದಕ್ಕ..."

ಡಾಕ್ಟ್ರಮ್ಮ ಚಿಕ್ಕಿಯ ತುಟಿ ಎತ್ತಿ ನೋಡಿದರು. "ಎಲ್ಲಾ ಬಂದಾವ. ಹಾಲುಹಲ್ಲು ಬಿದ್ದು ಹೊಸವು ಬಂದು ಎಷ್ಟೋ ದಿನ ಆಗೈತಿ. ಕುರಿ ಹಲ್ಲು ನೋಡಿದಂಗ ನೋಡೀರೇನು?"

ಯಜಮಾನರು ಗೋಡೆಗೆ ಒರಗಿ ಕುಕ್ಕರಿಸಿದರು. ಸಂತೆಯಲ್ಲಿ ಕುರಿಯ ಬಾಯಿ ನೋಡಿ ಬೆಲೆ ಕಟ್ಟುವ ಮನುಷ್ಯ, ಬಾಯಿ ತೆರೆದು ಕೂತುಬಿಟ್ಟರು.

ಡಾಕ್ಟ್ರಮ್ಮ ಕೈಗವಸು ಹಾಕಿಕೊಂಡರು. ತಮ್ಮ ಕೈಯಿಂದ ಆಗದಿದ್ದರೆ ದಾವಣಗೆರೆಗೆ ಒಯ್ದು ಹೊಟ್ಟೆ ಕೊಯ್ಯಬೇಕು, ಇಷ್ಟು ಸಣ್ಣ ಮೈ ಅದನ್ನು ತಡೆಯುತ್ತದೋ ಇಲ್ಲವೋ ಹೇಳಲಾರೆ ಅಂದರು. ನಾನು ಚಿಕ್ಕಿಯ ತಲೆ ಹಿಡಿದೆ. ಅದು ನನ್ನ ಬೆರಳನ್ನು ಬಾಯಲ್ಲಿ ಹಿಡಿದುಕೊಂಡಿತು, ಆದರೆ ಕಚ್ಚಲಿಲ್ಲ. ಅಷ್ಟು ನೋವಿನಲ್ಲೂ ಕಚ್ಚಲಿಲ್ಲ. ಮೊದಲನೆಯದು ಸತ್ತು ಬಂತು. ಸಿಂಚನಾಳ ಮುಖವನ್ನು ನನ್ನ ಸೆರಗಿನಲ್ಲಿ ಮುಚ್ಚಿದೆ. ಅಷ್ಟರಲ್ಲಿ ಇನ್ನೊಂದು ಜಾರಿ ಬಂತು, ಅದರ ಹಿಂದೆ ಮತ್ತೊಂದು. ಎರಡೂ ಕೀಚ್ ಅಂದವು. ಸಿಂಚನಾ ಸೆರಗು ಸರಿಸಿ ಇಣುಕಿದಳು.

"ಇನ್ನ ಮುಂದಿಂದು ತಾಯೀದು" ಅಂದರು ಡಾಕ್ಟ್ರಮ್ಮ. "ಸಂಜಿಯೊಳಗ ತಾಯಿ ಹಾಲು ಇವುಗಳ ಹೊಟ್ಟೀಗೆ ಹೋಗ್ಬೇಕು. ಮೊದಲಿನ ಹಾಲು ಸಿಗಲಿಲ್ಲ ಅಂದ್ರ ಉಳಿಯೋದು ಕಷ್ಟ. ಹಿಡ್ಕೊಂಡಾದ್ರೂ ಕುಡಿಸ್ರಿ."

ಮನೆಗೆ ಬಂದು ಕಂಬಳಿಯ ಮೇಲೆ ಮರಿಗಳನ್ನು ಮಲಗಿಸಿದೆವು. ಚಿಕ್ಕಿ ಅವುಗಳನ್ನು ನೋಡಿತು. ಮೂಸಲೂ ಇಲ್ಲ. ಒಂದು ಮರಿ ಕುರುಡು ಮುಖ ಎತ್ತಿ ಅತ್ತಿತು ನೋಡಿ, ಚಿಕ್ಕಿ ಹೌಹಾರಿ ಓಡಿಹೋಗಿ ಮೊರಕ್ಕೆ ತಲೆ ಹಾಕಿತು. ಎಳೆದು ತಂದೆವು, ಮತ್ತೆ ಓಡಿತು. ನಾನು ಹಿಡಿದೆ, ಸಿಂಚನಾ ಮರಿಯ ಬಾಯಿಯನ್ನು ಮೊಲೆಗೆ ಇಟ್ಟಳು. ಹಾವು ಕಚ್ಚಿದಂತೆ ಕಿರುಚಿ ಕೊಸರಿಕೊಂಡಿತು. ತನ್ನ ಮೈಯಿಂದ ಏನು ಹೊರಗೆ ಬಂತು ಅಂತ ಅದಕ್ಕೆ ತಿಳಿದಿರಲೇ ಇಲ್ಲ. ಹನುಮಕ್ಕ ಬಾಗಿಲಿಗೆ ಬಂದವಳು ಯಾವ ಮಾತೂ ಆಡದೆ ಕೂತಳು. ಅವಳು ಸುಮ್ಮನೆ ಕೂತದ್ದು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಮರಿಗಳ ದನಿ ಸಣ್ಣಗಾಗುತ್ತಿತ್ತು.

ಯಜಮಾನರು ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. "ಏನಾದ್ರೂ ಮಾಡ್ರಿ" ಅಂದೆ. "ನನ್ನ ಕೇಳಬ್ಯಾಡ. ನನ್ನ ಲೆಕ್ಕ ಯಾವುದು ಸರಿ ಬಂತು?" ಅಂದರು.

ಸಿಂಚನಾ ಅವರ ಮುಂದೆ ಹೋಗಿ ನಿಂತಳು. "ಅಜ್ಜಾ, ಕುರಿ ತನ್ನ ಮರೀನ ಒಲ್ಲೆ ಅಂದ್ರ ಏನ್ ಮಾಡ್ತಿ?"

"ಇದು ಕುರಿ ಅಲ್ಲವ್ವ."

"ಕುರಿ ಆಗಿದ್ರ?"

"ಕುರಿ ಆಗಿದ್ರ ಒಂದು ನಾಯಿ ತಂದು ಮರಿ ಹತ್ರ ನಿಲ್ಲಸ್ತಿದ್ವಿ. ನಾಯಿ ಕಂಡ ಕೂಡ್ಲೆ ಎಂಥಾ ಕುರಿಯಾದ್ರೂ ಬಂದು ಮರಿ ಮುಂದ ನಿಂತ್ಕೊಂತೈತಿ. ಒಂದ್ಸಲ ನಿಂತಿತು ಅಂದ್ರ ಆತು, ಮರಿ ತಂದು ಅಂತ ತಿಳಿತೈತಿ."

ಹುಡುಗಿ ಮೊರದ ಕಡೆ ತಿರುಗಿ ನೋಡಿದಳು. "ಹಂಗಾದ್ರ ನಾಯಿಗೆ ಕುರಿ ತಾ."

"ಆಂ?"

"ಗೌಡ್ತೀನ ತಾ ಅಜ್ಜಾ!"

ಯಜಮಾನರು ನನ್ನನ್ನು ನೋಡಿದರು. ನಾನು ಹನುಮಕ್ಕನನ್ನು ನೋಡಿದೆ. ಹೊತ್ತು ಇಳಿಯುತ್ತಿತ್ತು, ಹಿಂಡು ಬರುವ ಸಮಯ. ಬೀದಿಯ ತುದಿಯಲ್ಲಿ ಗಂಟೆಯ ಸದ್ದು ಕೇಳಿಸಿತು. ಮೊರದೊಳಗೆ ಚಿಕ್ಕಿಯ ತಲೆ ಇನ್ನೂ ಕೆಳಗೆ ಹೋಯಿತು.

ಯಜಮಾನರು ಗೌಡ್ತಿಯ ಕೊರಳು ಹಿಡಿದು ಮನೆಯೊಳಕ್ಕೆ ಕರೆತಂದರು. ಕುರಿಯನ್ನು ನಡುಮನೆಗೆ ಹತ್ತಿಸಿದ್ದು ಅದೇ ಮೊದಲು. ಗೌಡ್ತಿ ಅತ್ತಿತ್ತ ನೋಡಿದಳು, ಕಂಬಳಿಯ ಮೇಲೆ ಹೊರಳುತ್ತಿದ್ದ ಎರಡು ಜೀವಗಳನ್ನು ಕಂಡಳು. ಮೂಗು ಚಾಚಿ ಒಂದು ಹೆಜ್ಜೆ ಮುಂದಿಟ್ಟಳು. ನೆಲಕ್ಕೆ ಗೊರಸು ಬಡಿದಳು. ಮರಿ ಕೀಚ್ ಅಂದಿತು. ಚಿಕ್ಕಿ ಮೊರದಿಂದ ಒಂದು ಕಣ್ಣು ಹೊರಗೆ ಹಾಕಿತು. ಗೌಡ್ತಿ ಇನ್ನೊಂದು ಹೆಜ್ಜೆ ಇಟ್ಟಳು.

ಆಮೇಲೆ ಆದದ್ದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮೊರ ಪಲ್ಟಿಯಾಯಿತು. ಗೌಡ್ತಿಯ ಮುಂದೆ, ಮರಿಗಳ ಮೇಲೆ ನಾಲ್ಕು ಕಾಲು ಅಗಲಿಸಿ ಚಿಕ್ಕಿ ನಿಂತಿತ್ತು. ಮೈ ನಡುಗುತ್ತಿತ್ತು, ಬೆನ್ನ ಕೂದಲೆಲ್ಲ ನೆಟ್ಟಗಾಗಿತ್ತು. ತುಟಿ ಹಿಂದಕ್ಕೆ ಸರಿದು ಹಲ್ಲೆಲ್ಲ ಕಾಣುತ್ತಿದ್ದವು. ಅದರ ಗಂಟಲಿನಿಂದ ಬಂದ ಆ ಗುರುಗುರು ನಮ್ಮ ಕುನ್ನಿಯದು ಅಂತ ನಂಬಲು ನನಗೆ ಆಗಲಿಲ್ಲ. ಗೌಡ್ತಿ ಹಿಂದೆ ಸರಿದಳು. ಯಾರಿಗೂ ದಾರಿ ಬಿಡದ ಗೌಡ್ತಿ ಹಿಂದೆ ಹಿಂದೆ ನಡೆದು ಹೊಸ್ತಿಲು ದಾಟಿದಳು.

ಚಿಕ್ಕಿ ಬಗ್ಗಿ ಕಾಲ ಕೆಳಗಿನ ಮರಿಯನ್ನು ಮೂಸಿತು. ಮತ್ತೊಮ್ಮೆ ಮೂಸಿತು. ನೆಕ್ಕಿತು. ಸುತ್ತು ಹಾಕಿ, ಅವುಗಳನ್ನು ನಡುವೆ ಹಾಕಿಕೊಂಡು ಮಲಗಿತು. ಚಪ್ ಚಪ್ ಅಂತ ಹಾಲು ಚೀಪುವ ಸದ್ದು ಬಂತು.

ಯಜಮಾನರು ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹಲ್ಲು ಬಂದಾವ ನೋಡಲೇ ಇದಕ್ಕ!" ಅಂದರು.

ಹನುಮಕ್ಕ ನಗಲೋ ಅಳಲೋ ತಿಳಿಯದೆ ನನ್ನ ಬೆನ್ನಿಗೆ ಒಂದು ಗುದ್ದಿದಳು. ನಾನು ಸಿಂಚನಾಳನ್ನು ಎತ್ತಿಕೊಂಡು ನಡುಮನೆಯಲ್ಲಿ ಗಿರಿಗಿರಿ ತಿರುಗಿದೆ. ಆ ಹುಡುಗಿಯ ತಲೆಗೆ ಅದು ಹೊಳೆಯಿತಲ್ಲ! ಯಜಮಾನರಿಗೆ ಹೊಳೆಯದ್ದು, ನನಗೆ ಹೊಳೆಯದ್ದು!

ಮರಿಗಳು ಬದುಕಿದವು. ಗಂಡು ಮರಿ ಆಟೋದ ಹುಡುಗನ ಮನೆಗೆ ಹೋಯಿತು. ಹೆಣ್ಣು ಮರಿಯನ್ನು ಕೇಳಿ ತೆಗೆದುಕೊಂಡು ಹೋದವಳು ಯಾರು ಅಂದರೆ ಹನುಮಕ್ಕ. ಹಾಲು ಬಿಡಿಸಿದ ಮೇಲೆ ಚಿಕ್ಕಿಗೆ ಇನ್ನು ಮರಿ ಆಗದಂತೆ ಡಾಕ್ಟ್ರಮ್ಮನೇ ಆಪರೇಷನ್ ಮಾಡಿದರು. ಮುಂದೆ ತನ್ನ ಕುನ್ನಿಗೂ ಹೊತ್ತು ಮೀರುವ ಮೊದಲೇ ಮಾಡಿಸಿದಳು ಹನುಮಕ್ಕ. ಆ ಬೇಸಿಗೆಯಲ್ಲಿ ರೇಣುಕಾ ಕೊಟ್ಟೂರಿನಲ್ಲಿ ಮನೆ ಮಾಡಿ ಮಗಳನ್ನು ಕರೆದುಕೊಂಡು ಹೋದಳು. ಗೌಡ್ತಿ ಈಗಿಲ್ಲ. ಚಿಕ್ಕಿ ಮೊರವನ್ನು ಮತ್ತೆ ಮುಟ್ಟಲಿಲ್ಲ.

ಮೊನ್ನೆ ಸಂಜೆ ರೇಣುಕಾ ಫೋನು ಮಾಡಿದ್ದಳು. ಯಾವಾಗ ಬರುತ್ತೀ, ಯಾವಾಗ ದಿನ ಅಂತ ನಾನು ಕೇಳುತ್ತಿದ್ದೆ. ಪಕ್ಕದಲ್ಲಿ ಯಜಮಾನರು ಮೆಲ್ಲಗೆ ಬೆರಳ ಗೆಣ್ಣು ಎಣಿಸಲು ಶುರು ಮಾಡಿದರು. "ಶ್ರಾವಣ, ಭಾದ್ರಪದ..." ಅವರ ಪಿಸುಮಾತು ಅತ್ತ ಕಡೆ ಕೇಳಿಸಿತೇನೋ, ಫೋನನ್ನು ತನ್ನ ಅವ್ವನ ಕೈಯಿಂದ ಕಸಿದುಕೊಂಡು ಸಿಂಚನಾ ಕೂಗಿದಳು.

"ಅಜ್ಜಾ! ಕುರಿ ಲೆಕ್ಕ ಹಾಕಬ್ಯಾಡ!"

ಯಜಮಾನರು ಕೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿಕೊಂಡರು.

ಇಷ್ಟು ನೆನೆಯುತ್ತಾ ನಿಂತಿದ್ದೆನಲ್ಲ, ಕಂಬಳಿಯನ್ನು ಬಿಸಿಲಿಗೆ ಹಾಸಿ ಬೇವಿನ ಸೊಪ್ಪು ತರಲು ಹಿತ್ತಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಚಿಕ್ಕಿ ಅದರ ನಟ್ಟನಡುವೆ ಸುತ್ತು ಹಾಕಿ ಮಲಗಿತ್ತು, ಮೂಗನ್ನು ಉಣ್ಣೆಯೊಳಗೆ ಇಟ್ಟುಕೊಂಡು. "ಏಳು, ರೇಣುಕಾಗೆ ಬೇಕದು" ಅಂದೆ. ಏಳಲಿಲ್ಲ. ಅಂಚು ಹಿಡಿದು ಎಳೆದೆ. ಚಿಕ್ಕಿ ತಲೆ ಎತ್ತದೆ ತುಟಿಯನ್ನು ಸ್ವಲ್ಪವೇ ಸರಿಸಿ ಹಲ್ಲು ತೋರಿಸಿತು.

ನಾಳೆ ಸಂತೆಯಲ್ಲಿ ಮಗಳಿಗೆ ಹೊಸ ಕಂಬಳಿ ತರಬೇಕು.